ಅಟ್ಟೆಯ ಮೇಲಿನ ಮುದ್ರೆ

ಫೆಬ್ರವರಿ ೧೧, ಮಂಗಳವಾರ

ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದೆ. ಆದರೂ ನಗು ತಡೆಯಲಾಗುತ್ತಿಲ್ಲ.

ಬಡ ದೇಶ ಕಚ್ಚಾ ಮಾಲನ್ನು ಅಗ್ಗಕ್ಕೆ ಮಾರಿ, ಅದರಿಂದಾದ ಸರಕನ್ನು ಶ್ರೀಮಂತ ದೇಶದಿಂದ ದುಬಾರಿಗೆ ಕೊಳ್ಳುತ್ತದೆ. ಬಡವರನ್ನು ಬಡವರಾಗಿಯೇ ಇಡುವುದು ಈ ಏರ್ಪಾಡು. ನಡುವೆ ಅವರು, ಅಂಚಿನಲ್ಲಿ ನಾವು ಎಂದು ಹಲಗೆಯ ಮೇಲೆ ವೃತ್ತ ಬರೆದು ಕಾಲೇಜಿನಲ್ಲಿ ವರ್ಷವರ್ಷವೂ ಇದನ್ನೇ ಪಾಠ ಮಾಡುತ್ತೇನೆ. ಚರ್ಮ ಹದ ಮಾಡುವ ಅಕ್ಕನ ಕಾರ್ಖಾನೆಯೂ ಆ ಅಂಚಿನಲ್ಲೇ ಇತ್ತು. ಅವಳು ಹದ ಮಾಡಿದ ಚರ್ಮ ಹಡಗು ಹತ್ತಿ ಹೋಗಿ, ಬೂಟಾಗಿ ನಮ್ಮ ಅಂಗಡಿಗಳಿಗೆ ಮರಳುತ್ತಿತ್ತು.

ಇವತ್ತು ಅಕ್ಕನ ಕಾರ್ಖಾನೆಯಲ್ಲೇ ಮೊದಲ ಜೊತೆ ಬೂಟು ಹೊಲಿದಾಯಿತು, ನನ್ನ ಕಾಲಿನ ಅಳತೆಗೆ. ತಿರುಗಿಸಿ ನೋಡಿದರೆ ಬೂಟಿನ ಅಡಿಯ ಅಟ್ಟೆಯ ಮೇಲೆ ಹೊರದೇಶದ ಕಂಪನಿಯ ಮುದ್ರೆ. ಹಡಗಿಗೆ ಹೋಗುವ ಪ್ರತಿ ಚರ್ಮಕ್ಕೂ ಅದನ್ನೊತ್ತಿ ರೂಢಿಯಾದ ಮೇಸ್ತ್ರಿ ಇದಕ್ಕೂ ಒತ್ತಿಬಿಟ್ಟಿದ್ದರು.

"ಕೈ ತಾನಾಗೇ ಹೋಯ್ತಮ್ಮ," ಎಂದು ತಲೆ ಕೆರೆದುಕೊಂಡರು.

ಅಕ್ಕ ಬಿದ್ದುಬಿದ್ದು ನಕ್ಕಳು. "ಇರ್ಲಿ ಬಿಡಿ ಮೇಸ್ತ್ರಿ, ಕಾಲಡಿಗೆ ತಾನೇ ಇರೋದು." ನನ್ನ ಕಡೆ ತಿರುಗಿ, "ಲೋ, ಚೆನ್ನಾಗಿ ತುಳ್ಕೊಂಡು ಓಡಾಡೋ, ಸವೆದು ಹೋಗುತ್ತೆ," ಎಂದಳು.

ಬಸ್ಸು ಬಿಟ್ಟು, ಸುತ್ತುದಾರಿ ಹಿಡಿದು ಮನೆಗೆ ನಡೆದೇ ಬಂದೆ. ಈಗಷ್ಟೇ ತಿರುಗಿಸಿ ನೋಡಿದೆ, ಮೊದಲಕ್ಷರ ಆಗಲೇ ಮಾಸಿದೆ. ಗುಳ್ಳೆ ಒಡೆದರೂ ಸರಿ, ನಾಳೆ ಕಾಲೇಜಿಗೂ ನಡೆದೇ ಹೋಗುತ್ತೇನೆ.