ಲೈವ್‌ನಲ್ಲಿ ಕಥೆ ಹೇಳುವ ಮಗಳಿಗೆ

ಬುಧವಾರ, ಜೂನ್ ೧೨

ನನ್ನ ಮಾತಿನಮಲ್ಲಿಗೆ,

ಅಮ್ಮನ ಆಶೀರ್ವಾದ. ನೀನು ಕೇಳಿ ತುಂಬ ದಿನವಾಯಿತು, ಉತ್ತರ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳಲು ಹೊರಟರೆ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕಲಾರೆ. ಅಪ್ಪ ಆರಾಮ. ಹೊಸ ಕನ್ನಡಕ ಬಂದಿದೆ. ಈಗ ನನ್ನ ಅಡುಗೆ ತಳ ಹಿಡಿದದ್ದೆಲ್ಲ ಅವರಿಗೆ ಚೆನ್ನಾಗಿ ಕಾಣುತ್ತದೆ.

"ಭಾನುವಾರದ ಲೈವ್‌ನಲ್ಲಿ ಜನ ಅರ್ಧಕ್ಕೇ ಎದ್ದು ಹೋಗ್ತಾರಮ್ಮ, ಏನು ಮಾಡ್ಲಿ?" ಎಂದು ನೀನು ಕೇಳಿದ್ದೆ. ಮಕ್ಕಳ ಗ್ರಂಥಾಲಯದಲ್ಲಿ ಕಥೆ ಹೇಳಿಯೇ ತಲೆ ನರೆಸಿಕೊಂಡವಳು ನಾನು. ನನ್ನ ಕೇಳುಗರು ಎದುರಿಗೇ ಚಾಪೆಯ ಮೇಲೆ ಕೂತಿರುತ್ತಿದ್ದರು, ಆಕಳಿಸಿದರೆ ಕಾಣುತ್ತಿತ್ತು. ನಿನಗೆ ಅದೂ ಇಲ್ಲ, ಪಾಪ. ಆದರೂ ತಿಳಿದಷ್ಟು ಹೇಳುತ್ತೇನೆ.

"ನನ್ನ ಧ್ವನಿ ಕೇಳಿಸ್ತಿದೆಯಾ, ಇನ್ನೊಂದಿಷ್ಟು ಜನ ಬರಲಿ" ಎಂದು ಶುರುವಿನಲ್ಲೇ ಕಾಲ ತಳ್ಳಬೇಡ. ಬಂದವರಿಗೆ ಹೇಳು. ಯಾರೋ ಬಾಗಿಲು ಬಡಿದರು ಎನ್ನುವಲ್ಲಿಂದಲೇ ಕಥೆಗೆ ಇಳಿದುಬಿಡು. ಪರದೆಯ ಮೂಲೆಯಲ್ಲಿ ನಿನ್ನದೇ ಮುಖ ನೋಡಿಕೊಳ್ಳುವ ಚಾಳಿ ಬಿಡು; ಕ್ಯಾಮೆರಾದ ಆಚೆ ಒಬ್ಬರೇ ಒಬ್ಬರು ಕೂತಿದ್ದಾರೆ ಎಂದುಕೊಂಡು ಅವರನ್ನು ನೋಡು. ಭಯದ ಜಾಗ ಬಂದರೆ ನೀನು ಓಡುತ್ತೀಯ. ಅಲ್ಲೇ ನಿಲ್ಲಬೇಕು, ಒಂದಿಷ್ಟು ಹೊತ್ತು ಸುಮ್ಮನಿರಬೇಕು. ಒಂದು ಘಟ್ಟ ಮುಗಿಯುವವರೆಗೆ ಕಾಮೆಂಟ್ ಓದಬೇಡ. ಆಮೇಲೆ "ಈಗ ಅವಳು ಬಾಗಿಲು ತೆಗೀಬೇಕಾ, ಬೇಡ್ವಾ?" ಎಂದು ಅವರನ್ನೇ ಕೇಳು. ಉತ್ತರ ಬರೆಯಲು ಕೂತವರು ಎದ್ದು ಹೋಗುವುದಿಲ್ಲ.

ಕಾಮೆಂಟಿನ ಮಾತು ಬಂತು ನೋಡು. "ಕೂದಲು ಹಿಂದೆ ಹಾಕು", "ಗಟ್ಟಿಯಾಗಿ ಹೇಳು" ಎಂದು ನಾನು ವಾರವಾರವೂ ಬರೆಯುತ್ತಿದ್ದೆನಲ್ಲ, ಅಪ್ಪ ಬೈಯುತ್ತಲೇ ಇದ್ದರು: "ಅಷ್ಟು ಜನ ಓದ್ತಾರೆ ಕಣೇ, ಸುಮ್ನಿರು." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿನ್ನ ಕೆಲಸ, ನನ್ನ ಮಂಡಿನೋವು ಎಂದುಕೊಂಡು ನಾವು ಭೇಟಿಯಾಗಿ ವರ್ಷವಾಗುತ್ತ ಬಂತು. ನಿನ್ನ ಮುಖ ನೋಡಲು ನನಗಿರುವುದು ಭಾನುವಾರದ ಆ ಒಂದು ಗಂಟೆ ಮಾತ್ರ. ಅದನ್ನು ಬಿಟ್ಟುಕೊಡಬೇಕಾ ಎಂಬ ಯೋಚನೆಯಲ್ಲಿ ಈ ಮೂರು ದಿನದಿಂದ ಊಟ ಸೇರುತ್ತಿಲ್ಲ.

ಗಂಟಲಿಗೆ ಬಿಸಿನೀರು ಕುಡಿ. ಅಳಿಯಂದಿರನ್ನು ಕೇಳಿದೆ ಎಂದು ಹೇಳು. ನಿನ್ನ ಮಾತಿಗೆ ಸಾವಿರ ಕಿವಿ ಸಿಗಲಿ, ನಿನಗೆ ದೃಷ್ಟಿ ತಾಗದಿರಲಿ.

ಇಂತಿ ನಿನ್ನ
ಅಮ್ಮ

ಮರೆತ ಮಾತು: ಕಥೆ ಮುಗಿದ ಮೇಲೆ ಲೈವ್ ನಿಂತಿದೆಯಾ ಎಂದು ಇನ್ನೊಮ್ಮೆ ನೋಡಿಕೋ. ಹೋದ ಭಾನುವಾರ ನೀನು ನಿಲ್ಲಿಸಿರಲಿಲ್ಲ. ನನ್ನ ಫೋನ್ ಕೆಟ್ಟಿತ್ತು. ಪಕ್ಕದ ಮನೆಯವರ ಫೋನಿನಲ್ಲಿ, ಅವರ ಹೆಸರಿನಲ್ಲೇ ನೋಡುತ್ತಿದ್ದೆ. ನೀನು ನೀರು ಕುಡಿಯುತ್ತ ಅಳಿಯಂದಿರಿಗೆ ಹೇಳಿದೆ: "ಇವತ್ತು ಅಮ್ಮನ ಹೆಸರು ಕಾಣ್ಲಿಲ್ಲ, ಅದಕ್ಕೇ ಇಷ್ಟು ಚೆನ್ನಾಗಿ ಬಂತು. ಅವಳು ಕೂತಿದ್ರೆ ನನಗೆ ಬಾಯೇ ಕಟ್ಟುತ್ತೆ."

ಸುಳ್ಳಲ್ಲ ಮಗಳೇ. ಅಷ್ಟು ಚೆನ್ನಾಗಿ ನೀನು ಯಾವತ್ತೂ ಹೇಳಿರಲಿಲ್ಲ. ಕೇಳುತ್ತ ಕಣ್ಣೀರು ಹಾಕಿದ್ದೆ, "ನನ್ನ ಮಗಳು" ಎಂದು ಪಕ್ಕದ ಮನೆಯವರ ಮುಂದೆ ಬೀಗಿದ್ದೆ. ಆಮೇಲೆ ನೀನಾಡಿದ ಆ ಮಾತನ್ನೂ ಅವರು ನನ್ನ ಜೊತೆಗೇ ಕೂತು ಕೇಳಿದರು. ಏನೂ ಕೇಳಿಸದವರಂತೆ ಎದ್ದು ಒಳಗೆ ಹೋದರು.

ಫೋನ್ ರಿಪೇರಿಯಾಗಿ ಬಂದಿದೆ. ಈ ಭಾನುವಾರ ನಾನು ಬರುವುದಿಲ್ಲ. ಬೇರೆಯವರ ಹೆಸರಿನಲ್ಲೂ ಬರುವುದಿಲ್ಲ, ನಿನ್ನಾಣೆ. ಹೆದರದೆ ಹೇಳು.