ಗಂಗಾಳಿಗಾಗಿ ಅತ್ತ ಹಾಡನ್ನು ವಾಪಸ್ ಕೊಡಿ

ಹಾಡುಗಳ ಹಕ್ಕು ನೋಂದಾಯಿಸುವ ಕಚೇರಿಯ ದೊಡ್ಡ ಸಾಹೇಬರೇ,

ನನ್ನ ಅಕ್ಕ ನನ್ನ ಮೊಮ್ಮಗಳ ಕೊರಳು ತಬ್ಬಿಕೊಂಡು ಅತ್ತ ಹಾಡನ್ನು ತಾವು ಫೋನಿಗೆ ಹಾಡು ಮಾರುವ ಒಂದು ಕಂಪನಿಯ ಸೊತ್ತು ಎಂದು ದಾಖಲೆ ಮಾಡಿಕೊಂಡಿದ್ದೀರಿ. ತಮ್ಮ ಪ್ರಮಾಣಪತ್ರದ ಪ್ರಕಾರ ಸಾಹಿತ್ಯ ಕಂಪನಿಯದು, ಸಂಗೀತ ಕಂಪನಿಯದು, ವರ್ಗ 'ಹಬ್ಬದ ಹಾಡು'. ಅತ್ತವರು ಯಾರು ಎಂದು ಬರೆಯಲು ತಮ್ಮ ಫಾರ್ಮಿನಲ್ಲಿ ಜಾಗವೇ ಇಲ್ಲವಂತೆ. ಇದೇ ನನ್ನ ದೂರು. ಇದರಲ್ಲಿ ಮೊದಲ ಆರೋಪಿ ನಾನು, ಎರಡನೆಯವರು ತಾವು. ಆದ್ದರಿಂದ ಮೊದಲು ನನ್ನನ್ನು ಬೈದು ಮುಗಿಸುತ್ತೇನೆ. ತಮ್ಮ ಸರದಿ ಆಮೇಲೆ.

ನಾನು ಅಂಬಾದಾಸ ರಾಠೋಡ, ಚಿಂಚೋಳಿ ಕಡೆಯ ಲಂಬಾಣಿ ತಾಂಡಾದವನು. ಗಡಿ ದಾಟಿ ತೆಲುಗು ನಾಡಿನ ಈ ಲಿಂಗಂಪಲ್ಲಿಗೆ ಬಂದು ಮೂವತ್ತೊಂದು ವರ್ಷವಾಯಿತು. ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟುವ ಮೇಸ್ತ್ರಿ. ಹುಟ್ಟಿದ ಕಡೆಯ ಸರ್ಕಾರದ ಪಟ್ಟಿಯಲ್ಲಿ ನಾವು ಪರಿಶಿಷ್ಟ ಜಾತಿ. ರೈಲು ಹತ್ತಿ ಇಲ್ಲಿ ಇಳಿದರೆ ಪರಿಶಿಷ್ಟ ಪಂಗಡ. ನಾವು ಯಾರು ಎಂಬುದನ್ನು ಎರಡು ಸರ್ಕಾರಗಳು ಸೇರಿ ಇಷ್ಟು ವರ್ಷವಾದರೂ ತೀರ್ಮಾನಿಸಿಲ್ಲ. ನಮ್ಮ ಹಾಡು ಯಾರದು ಎಂಬುದನ್ನು ಮಾತ್ರ ತಾವು ಒಂದೇ ಹಾಳೆಯಲ್ಲಿ ತೀರ್ಮಾನಿಸಿದ್ದೀರಿ. ಕೆಲಸ ಚುರುಕಾಗಿದೆ, ಒಪ್ಪಿಕೊಳ್ಳುತ್ತೇನೆ.

ನಾನು ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಮೇಷ್ಟ್ರು ಕಪಾಳಕ್ಕೆ ಹೊಡೆದರು, ನಾನು ಪಾಟಿ ಎಸೆದು ಎದ್ದು ಬಂದೆ. ಅಲ್ಲಿಂದ ತಂದದ್ದು ಎರಡೇ ವಸ್ತು: ಈ ಕೆಟ್ಟ ಸಿಟ್ಟು ಮತ್ತು ಒಂದು ಚೆಂದದ ಸಹಿ. ನಮ್ಮ ಓಣಿಯಲ್ಲಿ ನನ್ನ ವಾರಿಗೆಯವರೆಲ್ಲ ಹೆಬ್ಬೆಟ್ಟಿನವರು. ನಾನೊಬ್ಬನೇ ಸಹಿಯವನು. ಆ ಸೊಕ್ಕು ಎಷ್ಟಿತ್ತೆಂದರೆ, ಯಾರಾದರೂ ಕಾಗದ ಮುಂದೆ ಹಿಡಿದರೆ ಏನು ಬರೆದಿದೆ ಎಂದು ಕೇಳುವ ಬದಲು ಪೆನ್ನು ಒಳ್ಳೆಯದಿದೆಯೇ ಎಂದು ಕೇಳುತ್ತಿದ್ದೆ.

ಇನ್ನು ಹಾಡಿನ ವಿಷಯ. ನಮ್ಮಲ್ಲಿ ಮದುವೆಯಾದ ಹುಡುಗಿ ತವರು ಬಿಡುವಾಗ ಹಿರಿಯ ಹೆಂಗಸು ಅವಳ ಕೊರಳು ತಬ್ಬಿಕೊಂಡು ಹಾಡುತ್ತಾ ಅಳುತ್ತಾಳೆ. ಢಾವಲೋ ಅನ್ನುತ್ತೇವೆ. ಹುಡುಗಿಯೂ ಅದನ್ನು ಮೊದಲೇ ಕಲಿತಿರಬೇಕು, ತಿರುಗಿ ಹಾಡಿ ಅಳಬೇಕು. ಹಾಗೆ ಅತ್ತ ಮೇಲೆಯೇ ಅವಳು ಹೊರಟಂತೆ. ನಮ್ಮ ತಾಂಡಾದ ಕಟ್ಟು ಇನ್ನೂ ಬಿಗಿ: ಹುಡುಗಿ ನಿಜವಾಗಿ ಹೊರಟಿರಬೇಕು, ಅವಳ ಹೆಸರು ಹಾಡಿನಲ್ಲಿ ಬರಬೇಕು, ಒಬ್ಬಳಿಗೆ ಒಂದೇ ಸಲ ಅಳಬೇಕು. ಎರಡನೇ ಸಲ ಅವಳ ಹೆಸರು ಹಿಡಿದು ಅಳುವುದು ಸಾವಿನಲ್ಲಿ ಮಾತ್ರ. ಈ ಓಣಿಯಲ್ಲಿ ಅದು ಪೂರ್ತಿ ಬರುವುದು ನನ್ನ ಅಕ್ಕ ಗಿರಿಜಾಬಾಯಿಗೆ ಒಬ್ಬಳಿಗೇ.

ಮೂರು ವರ್ಷದ ಹಿಂದೆ ಆ ಕಂಪನಿಯ ರವಿಕಿರಣ ಎಂಬ ಹುಡುಗ ರೆಕಾರ್ಡಿಂಗ್ ಮೆಷಿನ್ ಹಿಡಿದು ನಮ್ಮ ಓಣಿಗೆ ಬಂದ. ತಾರ್ನಾಕದವನು, ಮನೆಮಾತು ಕನ್ನಡ, ತಂದೆ ಬಾಲಾನಗರದಲ್ಲಿ ಸರ್ಕಾರಿ ನೌಕರಿಯಲ್ಲಿದ್ದವರು. ದಿನವಿಡೀ ತೆಲುಗು, ಹಿಂದಿ ಮಾತಾಡಿ ಬಾಯಿ ಒಣಗಿದ್ದ ನನಗೆ "ಆರಾಮ ಇದ್ದೀರೇನ್ರಿ ಕಾಕಾ?" ಎಂದ. ನಾನು ಅಲ್ಲೇ ಕರಗಿ ನೀರಾದೆ. ಹಳೆ ಹಾಡುಗಳನ್ನು ಉಳಿಸುತ್ತೇವೆ, ಗಿರಿಜಾಬಾಯಿಯವರದು ಬೇಕು ಎಂದ. ಅಕ್ಕ ಒಂದೇ ಮಾತಿನಲ್ಲಿ ಒಲ್ಲೆ ಎಂದಳು.

"ಹುಡುಗಿ ಯಾರೂ ಹೊಂಟಿಲ್ಲ. ಯಾರಿಗಿ ಅಳ್ಲಿ, ಈ ಪೆಟ್ಟಿಗಿಗೇನು?"

ಬಂದ ಹುಡುಗನ ಮುಂದೆ ನನ್ನ ಮರ್ಯಾದೆ ಹೋಯಿತು ಅನ್ನಿಸಿತು. ನಲ್ಲಿಯ ಸಾಲಿನಲ್ಲಿ ನಿಂತಿದ್ದ ಮೊಮ್ಮಗಳು ಗಂಗಾಳನ್ನು ದರದರ ಎಳೆದು ತಂದು ಅಕ್ಕನ ಮುಂದೆ ನಿಲ್ಲಿಸಿದೆ. ಅವಳಿಗೆ ಆಗ ಹದಿನಾರು. ಕೈಯಲ್ಲಿ ಕೊಡ ಹಾಗೇ ಇತ್ತು.

"ಇಕಾ, ಇಕೀ ಲಗ್ನ ಅಂತ ತಿಳ್ಕೊ."

"ಲೇ ಅಂಬಾದಾಸ, ಒಂದು ಹುಡುಗಿಗಿ ಒಮ್ಮೆ ಅತ್ರ ಮುಗೀತು. ನಾಳಿ ನನ್ನ ಕಾಲಿಗಿ ಬಿದ್ದು ಕೇಳಿದ್ರೂ ಇಲ್ಲ."

"ನಾಳಿದು ನಾಳಿಗಿ. ನೀ ಈಗ ಅಳು!"

ಸಾಹೇಬರೇ, ಅಳು ಎಂದು ಹೆದರಿಸಿ ಅಳಿಸಿದವನು ನಾನು. ಅಕ್ಕ ಅತ್ತಳು. ಮೊಣಕೈ ಮೇಲಿನವರೆಗೆ ಬಿಳಿ ಬಳೆ ತೊಟ್ಟ ಕೈಗಳಲ್ಲಿ ಗಂಗಾಳನ್ನು ತಬ್ಬಿ, ಅವಳ ಹೆಸರು ಕರೆದು ಕರೆದು, ಹದಿನೈದು ನಿಮಿಷ. ಆಟವೆಂದು ನಗುತ್ತಾ ನಿಂತಿದ್ದ ಗಂಗಾ ನಡುವೆ ನಿಜವಾಗಿ ಬಿಕ್ಕಿದಳು. ಮುಗಿದ ಮೇಲೆ ರವಿಕಿರಣ ಇಂಗ್ಲಿಷಿನ ಏಳು ಹಾಳೆ ತೆಗೆದ. ಅಕ್ಕ ಹೆಬ್ಬೆಟ್ಟು ಮುಂದೆ ಮಾಡಿದಳು. ನಾನು ಆ ಕೈ ಹಿಡಿದು ಪಕ್ಕಕ್ಕೆ ಸರಿಸಿದೆ. "ಮಂದಿ ಮುಂದ ನಾಚಿಕಿ ತರಬ್ಯಾಡ" ಎಂದೆ. ಏಳು ಹಾಳೆಗೂ, ಮನೆಯ ಹಿರಿಯನೆಂದು, ನಾನೇ ಸಹಿ ಮಾಡಿದೆ. ಏಳನೆಯದರಲ್ಲಿ ಕೆಳಗೊಂದು ಗೆರೆ ಎಳೆದು ಎರಡು ಚುಕ್ಕೆಯನ್ನೂ ಇಟ್ಟೆ. ಅವನು ನನಗೊಂದು ಮೊಬೈಲ್ ಫೋನ್ ಕೊಟ್ಟು ಹೋದ. ಕಿವಿಗೆ ಹಚ್ಚಿಕೊಂಡು, ಕರೆ ಬಾರದಿದ್ದರೂ ಮಾತಾಡುತ್ತಾ ಓಣಿಯಲ್ಲಿ ಎರಡು ಸುತ್ತು ಹಾಕಿದೆ.

ಕಳೆದ ದೀಪಾವಳಿಗೆ ಮರಳು ಹೊಡೆಯುವ ಲಾರಿಯವನಿಗೆ ಅದೇ ಫೋನಿನಿಂದ ಕರೆ ಮಾಡಿದೆ. ಟ್ರಿಣ್ ಟ್ರಿಣ್ ಅನ್ನುವ ಬದಲು ಅದರೊಳಗೆ ನನ್ನ ಅಕ್ಕ ಅಳುತ್ತಿದ್ದಳು. ಹಿಂದೆ ಡೋಲು ಕುಣಿಯುತ್ತಿತ್ತು. ಬಳೆ ಸದ್ದು ತೆಗೆದಿದ್ದರು, ಮೂಗೊರೆಸಿಕೊಂಡದ್ದನ್ನು ತೆಗೆದಿದ್ದರು, ಗಂಗಾಳ ಹೆಸರನ್ನು ಮಾತ್ರ ಹಾಗೇ ಉಳಿಸಿದ್ದರು. ಆಗಲಾದರೂ ನನಗೆ ಸಿಟ್ಟು ಬರಬೇಕಿತ್ತಲ್ಲವೇ? ಚಹಾದ ಹಾಲು ಉಕ್ಕಿದರೆ ಬರುವ ಸಿಟ್ಟು ಅವತ್ತು ಎಲ್ಲಿ ಹೋಗಿತ್ತೋ! ಖುಷಿಯಿಂದ ಕುಣಿದೆ. ಲಾರಿಯವನಿಗೆ ಫೋನ್ ಎತ್ತಬೇಡ ಎಂದು ಹೇಳಿ, ಮತ್ತೆ ಮತ್ತೆ ಕರೆ ಮಾಡಿ ಓಣಿಯವರಿಗೆಲ್ಲ ಕೇಳಿಸಿದೆ. ಕೊನೆಗೆ ಅಕ್ಕನ ಕಿವಿಗೂ ಹಿಡಿದೆ. ಅವಳು ಕೇಳಿ, ಫೋನನ್ನು ನನ್ನ ಕೈಗೆ ಕೊಟ್ಟು, ಒಳಗೆ ಹೋದಳು.

ಈಗ ಗಂಗಾಳ ಲಗ್ನ ನಿಜವಾಗಿಯೂ ನಿಕ್ಕಿಯಾಗಿದೆ. ಯುಗಾದಿಯಾದ ಹದಿನೈದನೇ ದಿನಕ್ಕೆ ಅವಳು ತಾಂಡೂರಿನ ಕಡೆ ಹೋಗುತ್ತಾಳೆ. ಹಾಡು ಕಲಿಸು ಎಂದು ಅಕ್ಕನಲ್ಲಿಗೆ ಹೋದಳು.

"ನಿನಗ ನಾ ಅತ್ತಾಯ್ತವ್ವ. ನಿಮ್ಮ ಶಾಣ್ಯಾ ಅಜ್ಜನ ಫೋನಿನಾಗ ಐತಿ, ಕೇಳ್ಕೊ."

"ದೊಡ್ಡಾಯಿ, ನೀ ಅಳಲಿಲ್ಲಂದ್ರ ನಾ ಹೆಂಗ ಹೋಗ್ಲಿ?"

"ಕಂಡಕಂಡವ್ರು ನಿನ್ನ ಹೆಸರು ಕೇಳಿ, ಹಲೋ ಅಂತ ಬಂದ್ ಮಾಡ್ತಾರ. ಆ ಅಳು ಮೊದಲು ಮನಿಗಿ ಹೊಳ್ಳಿ ಬರ್ಲಿ. ಆಮ್ಯಾಲ ಅಳತೀನಿ."

ನಾನು ಅಕ್ಕನ ಕಾಲಿಗೆ ಬಿದ್ದೆ. ಅವಳು ಮೂರು ವರ್ಷದ ಹಿಂದೆಯೇ ಹೇಳಿದ್ದಳಲ್ಲ, ಹಾಗೇ ಮಾಡಿದಳು. ಕಾಲು ಹಿಂದಕ್ಕೆ ತೆಗೆದುಕೊಂಡಳು.

ಕಂಪನಿಗೆ ಹೋದೆ. ಅದು ಇರುವುದು ಗಾಜಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಆ ಮಹಡಿಯ ಸ್ಲ್ಯಾಬಿಗೆ ಸೆಂಟ್ರಿಂಗ್ ಕಟ್ಟಿಸಿದ್ದು ನಾನೇ. ಗೇಟಿನವನು "ಪೆದ್ದಾಯನಾ, ಪಾಸ್ ಉಂದಾ?" ಎಂದು ತೆಲುಗಿನಲ್ಲಿ ಪಾಸು ಕೇಳಿದ. ಈ ಕಟ್ಟಡ ನಿಂತಿರುವುದೇ ನನ್ನ ಪಾಸು ಎಂದು ಕೂಗಾಡಿದೆ. ಗದ್ದಲ ಕೇಳಿ ರವಿಕಿರಣನೇ ಇಳಿದು ಬಂದ. ತಮ್ಮ ಪ್ರಮಾಣಪತ್ರದ ನಕಲು ತೋರಿಸಿ, ಓದಿ ಹೇಳಿದ. ಹುಡುಗ ಕೆಟ್ಟವನಲ್ಲ, ತಲೆ ಎತ್ತಿ ನನ್ನನ್ನು ನೋಡಲಿಲ್ಲ.

"ಕಾಕಾ, ಮ್ಯಾಲಿನವರು ಕೇಳೂದಿಲ್ರಿ. ಲಗ್ನದಾಗ ಈ ಹಾಡು ಹಾಡಿ ಯಾರರೆ ಸೀಡಿ ಮಾಡಿದ್ರ ಅದಕ್ಕೂ ನೋಟಿಸ್ ಬರ್ತದಂತ. ಅವತ್ತು ಗಿರಿಜಾಬಾಯಿಯವರು ಹೆಬ್ಬೆಟ್ಟು ಒತ್ತಿದ್ರ ಏಳೂ ಹಾಳಿ ಓದಿ ತಿಳಿಸಬೇಕಾಗ್ತಿತ್ತು. ನೀವು ಸಹಿ ಮಾಡಿಬಿಟ್ರಿ."

ಕೇಳಿದಿರಾ? ಒಂದೂ ಇಯತ್ತೆ ಓದದ ಅಕ್ಕನ ಹೆಬ್ಬೆಟ್ಟು ನಮ್ಮನ್ನು ಕಾಯುತ್ತಿತ್ತು. ನಾಲ್ಕು ಇಯತ್ತೆ ಓದಿದ ನಾನು ಅದನ್ನು ಪಕ್ಕಕ್ಕೆ ಸರಿಸಿದೆ. ಮೇಷ್ಟ್ರು ಇನ್ನೊಂದು ವರ್ಷ ಮೊದಲೇ ಹೊಡೆದಿದ್ದರೆ ಈ ಮನೆ ಉಳಿಯುತ್ತಿತ್ತು.

ನನ್ನದು ಮುಗಿಯಿತು. ಈಗ ತಮ್ಮದು. ನಾನು ಬರೆಸಿ ಕಳಿಸಿದ ಅರ್ಜಿಗೆ ತಾವು ಉತ್ತರ ಕೊಟ್ಟಿರಿ: 'ಸದರಿ ಗೀತೆಯ ರಚನಕಾರರ ಹೆಸರು, ರಚನೆಯ ದಿನಾಂಕ ಹಾಗೂ ಲಿಖಿತ ಪ್ರತಿಯನ್ನು ಲಗತ್ತಿಸುವುದು.' ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗಿದ ನಮ್ಮ ಯಾವ ಅಜ್ಜಿ, ಯಾವ ತಾರೀಖಿಗೆ, ಯಾವ ಹುಡುಗಿಗಾಗಿ ಮೊದಲು ಅತ್ತಳೋ ನಾನೆಲ್ಲಿ ಹುಡುಕಲಿ? ಸಿಕ್ಕಿದರೆ ಅವಳ ಮರಣಪತ್ರವನ್ನೂ ಲಗತ್ತಿಸಬೇಕೇ? ಕಂಪನಿಯಿಂದ ತಾವು ಈ ಮೂರನ್ನೂ ಕೇಳಿದ್ದಿರಾ? ಕೇಳಿದ್ದರೆ ಅವರು ಯಾವ ಅಜ್ಜಿಯ ಹೆಸರು ಬರೆದರು? ಹಳೆಯ ಗ್ರಂಥಗಳಲ್ಲಿರುವ ಔಷಧಿಗಳನ್ನು ಪರದೇಶದವರು ತಮ್ಮದೆನ್ನಬಾರದೆಂದು ಸರ್ಕಾರವೇ ಕಂಪ್ಯೂಟರಿಗೆ ಹಾಕಿ ಕಾಯುತ್ತಿದೆಯಂತೆ. ಬಹಳ ಒಳ್ಳೆಯದು. ಗ್ರಂಥವಿಲ್ಲದವರ ಪಾಡೇನು? ನಮ್ಮ ಬೇರು, ತೊಗಟೆ, ಕಸೂತಿ, ಹಾಡು ಎಲ್ಲ ಹೆಂಗಸರ ನಾಲಿಗೆಯಲ್ಲಿ, ಬೆರಳಲ್ಲಿ ಇವೆ. ಒಬ್ಬ ಮಾಡಿದ್ದು ಅವನದು ಎಂದು ತಮ್ಮ ಕಾನೂನು ಬಲ್ಲದು. ಒಂದು ತಾಂಡಾ ಕೂಡಿ ಕಾಪಾಡಿದ್ದು ಅದಕ್ಕೆ ದಾರಿಯಲ್ಲಿ ಬಿದ್ದ ಕಲ್ಲಿನಂತೆ ಕಾಣುತ್ತದೆ, ಮೊದಲು ಹೆಕ್ಕಿಕೊಂಡವನದು. ಕಲ್ಲಿಗಾದರೂ ಗಣಿ ಇಲಾಖೆ ಇದೆ ಸಾಹೇಬರೇ.

ಮೊನ್ನೆ ಗಂಗಾ ನನ್ನ ಫೋನು ಕಿವಿಗೆ ಹಿಡಿದು ಮೂಲೆಯಲ್ಲಿ ಕೂತಿದ್ದಳು. ಲಾರಿಯವನಿಗೇ ಕರೆ ಮಾಡಿ ಹಾಡು ಕಲಿಯುತ್ತಿದ್ದಾಳೆ. ಅದು ಮೂವತ್ತು ಸೆಕೆಂಡು ಹಾಡಿ ಮತ್ತೆ ಮೊದಲಿಗೆ ಹೋಗುತ್ತದೆ. ತವರು ಬಿಡುವುದು ಹೇಗೆ ಎಂಬುದು ನನ್ನ ಮೊಮ್ಮಗಳಿಗೆ ಈಗ ಮೂವತ್ತು ಸೆಕೆಂಡಿನಷ್ಟು ಬರುತ್ತದೆ. ಮುಂದಿನದು ಅಕ್ಕನ ಹತ್ತಿರ ಇದೆ. ಅಕ್ಕನಿಗೆ ಎಪ್ಪತ್ತೆರಡು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಆ ದಾಖಲೆಯನ್ನು ರದ್ದು ಮಾಡಿ. ಲಗ್ನದೊಳಗೆ ಆ ಹಾಡನ್ನು ಎಲ್ಲ ಫೋನುಗಳಿಂದ ತೆಗೆಸಿ. ಇನ್ನು ಮುಂದೆ ಇಂಥ ಹಾಡು ತಮ್ಮ ಮೇಜಿಗೆ ಬಂದರೆ, ಅದು ಯಾವ ತಾಂಡಾದ್ದು, ಯಾವ ಕಾಡಿನ ಹಾಡಿಯದ್ದು ಎಂದು ಅಲ್ಲಿಯ ಹೆಂಗಸರನ್ನು ಕೇಳದೆ ಮುದ್ರೆ ಒತ್ತಬಾರದು ಎಂದು ಕಾನೂನಿನಲ್ಲಿ ಬರೆಸಿ. ಒಲ್ಲೆ ಎನ್ನುವ ಹಕ್ಕು ಅವರಿಗಿರಲಿ. ನಡುವೆ ಯಾವ ಸಹಿ ಬರುವ ಗಂಡಸೂ ಬರದಿರಲಿ.

ಈ ಪತ್ರದ ಕೆಳಗೆ ಎರಡು ಹೆಬ್ಬೆಟ್ಟುಗಳಿವೆ. ಹೆಬ್ಬೆಟ್ಟು ಇದ್ದರೆ ಓದಿ ತಿಳಿಸಬೇಕಲ್ಲವೇ? ತಮ್ಮ ಉತ್ತರ ತೆಗೆದುಕೊಂಡು ಲಿಂಗಂಪಲ್ಲಿಗೆ ಬನ್ನಿ, ನನ್ನ ಅಕ್ಕನ ಎದುರು ಕೂತು ಗಟ್ಟಿಯಾಗಿ ಓದಿ. ಅವಳಿಗೆ ತಿಳಿಯುವವರೆಗೂ ಓದಿ.

ಇಂತಿ,
ಸಹಿ ಬಂದರೂ ಮಾಡಲು ಧೈರ್ಯವಿಲ್ಲದ
ಅಂಬಾದಾಸ ರಾಠೋಡ (ಎಡಗೈ ಹೆಬ್ಬೆಟ್ಟು)
ಮತ್ತು ಈ ಸಲ ಪಕ್ಕಕ್ಕೆ ಸರಿಯದ ಗಿರಿಜಾಬಾಯಿ (ಎಡಗೈ ಹೆಬ್ಬೆಟ್ಟು)
ಲಿಂಗಂಪಲ್ಲಿ, ಹೋಳಿ ಮುಗಿದ ವಾರ, 2007