ಹಳೇದಕ್ಕೂ ಹೊಸದಕ್ಕೂ ಒಗ್ಗೋ ಪ್ರೋಗ್ರಾಮ್

ಮಾಗಡಿ, ಸೋಮವಾರ

ಬಾಲಣ್ಣಂಗೆ,

ಫೋನಲ್ಲಾದ್ರೆ ಮತ್ತೆ ಜಮೀನಿನ ಜಗಳಕ್ಕೇ ಬತ್ತೀವಿ, ಅದಕ್ಕೇ ಬರೀತಿದೀನಿ. ರೇಷ್ಮೆಹುಳದ ಮನೆ ಕಂಪ್ಯೂಟರ್‌ಗೆ ಪೈಥಾನ್ ಭಾಷೇದು ಹೊಸ ವರ್ಷನ್ ಹಾಕ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ? ನೀನು ಹಾಕ್ದಾಗೆಲ್ಲ ಫ್ಯಾನ್ ನಡೆಸಕ್ಕೆ ನಾನು ಬರೆದ ಪ್ರೋಗ್ರಾಮ್ ಕೆಡ್ತದೆ, ಫ್ಯಾನ್ ನಿಲ್ತದೆ, ಹುಳ ಸಾಯ್ತವೆ ಅಂತ ನಾನು ಬಸ್ ಹತ್ತಿ ಕೈಲಾಂಚಕ್ಕೆ ಓಡಿಬರ್ಬೇಕು. ಅದೂ ಹುಳ ಮೇವು ಬಿಟ್ಟು, ಪೊರೆ ಕಳಚಕ್ಕೆ ಜ್ವರಕ್ಕೆ ಕೂತಿರೋವಾಗ್ಲೇ!

ಸಾಕಾಗಿ ಹೋದ ತಿಂಗಳು ಹಳೇ ಪೈಥಾನಲ್ಲೂ ಹೊಸದರಲ್ಲೂ ಓಡೋ ಹಂಗೆ ಪೂರ್ತಿ ತಿದ್ದಿಕೊಟ್ಟೆ. ಆದ್ರೂ ನಿನ್ನೆ 'ಮತ್ತೆ ಕೆಟ್ಟೈತೆ, ಬೇಗ ಬಾ' ಅಂತ ಮೆಸೇಜ್ ಹಾಕಿದೀಯ. ಇಲ್ಲಿಂದ್ಲೇ ನನ್ನ ಫೋನಲ್ಲಿ ನೋಡ್ದೆ. ಇಪ್ಪತ್ತೈದು ಡಿಗ್ರಿ ಐತೆ, ಫ್ಯಾನ್ ತಿರುಗ್ತಾ ಐತೆ, ಏನೂ ಕೆಟ್ಟಿಲ್ಲ.

ತಂಗೀನ ಮನೆಗೆ ಕರೆಯಕ್ಕೆ ಇಷ್ಟೆಲ್ಲ ಬೇಕೇನಣ್ಣ? ಭಾನುವಾರ ಬತ್ತೀನಿ, ಅತ್ತಿಗೆಗೆ ಉಪ್ಸಾರು ಮಾಡಕ್ಕೆ ಹೇಳು. ಅಲ್ಲೀವರ್ಗೂ ಕಂಪ್ಯೂಟರ್ ಮುಟ್ಬೇಡ.

ನಿನ್ನ ತಂಗಿ,
ಭಾನುಪ್ರಿಯ